ಧ್ವನಿ ಸಾಧನಗಳ ವಿವರಣೆ: ಒಂದು ಚಾರಿತ್ರಿಕ ವಿವೇಚನೆ

ಗಣಕಯಂತ್ರದೊಳಗಿನ ಧ್ವನಿ ಚಿಪ್ ತನ್ನ ತಯಾರಕರು ಯಾರು, ತನ್ನ ಮಾದರಿ ಯಾವುದು ಎಂಬುದನ್ನು ಹೇಳಬಲ್ಲುದು. ಆದರೆ ತನ್ನ ಪಿನ್ನುಗಳಿಗೆ ಸೇರಿದ ತಂತಿಯ ಆಚೆ ತುದಿಯಲ್ಲಿರುವುದು ಸ್ಪೀಕರೋ ಮೈಕ್ರೊಫೋನೋ ಎಂಬುದನ್ನು ಅದು ಅರಿಯದು. ಆ ಸಂಗತಿ ಮದರ್‌ಬೋರ್ಡನ್ನು ರಚಿಸಿದವರಿಗೆ ಮಾತ್ರ ಗೊತ್ತು. ಅದನ್ನು ಆಪರೇಟಿಂಗ್ ಸಿಸ್ಟಮಿಗೆ ಯಾರು ತಿಳಿಸಬೇಕು, ಯಾವುದೇ ಒಂದು ಸಿಸ್ಟಮಿಗೆ ಕಟ್ಟುಬೀಳದಂತೆ ತಿಳಿಸುವುದು ಹೇಗೆ ಎಂಬ ಪ್ರಶ್ನೆಗೆ ದೊರೆತ ಉತ್ತರಗಳನ್ನು ಇಲ್ಲಿ ಪರಿಶೀಲಿಸುತ್ತೇವೆ.

೧೯೮೯ರಲ್ಲಿ ಸಿಂಗಪುರದ ಕ್ರಿಯೇಟಿವ್ ಸಂಸ್ಥೆಯು ಸೌಂಡ್ ಬ್ಲಾಸ್ಟರ್ ಕಾರ್ಡನ್ನು ಹೊರತಂದಾಗ ಈ ಹೊಣೆ ಬಳಕೆದಾರನ ಮೇಲೆಯೇ ಬಿದ್ದಿತ್ತು. ಆತನು ಜಂಪರುಗಳನ್ನು ಕೈಯಿಂದ ಹೊಂದಿಸಿ, ಡಾಸ್‌ನ ಆರಂಭಿಕ ಕಡತದಲ್ಲಿ ‘ಎ೨೨೦ ಐ೫ ಡಿ೧’ ಎಂಬಂಥ ಸಾಲೊಂದನ್ನು ಬರೆಯಬೇಕಾಗಿತ್ತು. ವಿಳಾಸ, ಇಂಟರಪ್ಟ್, ಡಿಎಂಎ ಚಾನೆಲ್‌ಗಳ ಈ ಸಂಖ್ಯೆಗಳನ್ನು ಆಟದ ಪ್ರೋಗ್ರಾಮುಗಳು ಓದಿಕೊಳ್ಳುತ್ತಿದ್ದವು. ೧೯೯೩ರ ಪ್ಲಗ್ ಅಂಡ್ ಪ್ಲೇ ನಿರ್ದೇಶನವು ಸಂಖ್ಯೆಗಳ ತೊಡಕನ್ನು ಬಿಡಿಸಿತೇ ಹೊರತು ತಂತಿಗಳ ಪ್ರಶ್ನೆಯನ್ನು ಮುಟ್ಟಲಿಲ್ಲ. ೧೯೯೮ರ ಯುಎಸ್‌ಬಿ ಆಡಿಯೊ ನಿರ್ದೇಶನದಲ್ಲಿ ಸಾಧನವು ತನ್ನ ಒಳಗಿನ ಟರ್ಮಿನಲ್ಲುಗಳನ್ನು ತಾನೇ ವರ್ಣಿಸತೊಡಗಿತು. ಚಿಪ್, ತಂತಿ, ಸ್ಪೀಕರು ಮೂರೂ ಒಬ್ಬನೇ ತಯಾರಕನ ಪೆಟ್ಟಿಗೆಯೊಳಗೆ ಇರುವಾಗ ಇದು ಸುಲಭ.

ಮದರ್‌ಬೋರ್ಡಿನ ಧ್ವನಿಯ ಮಟ್ಟಿಗೆ, ೨೦೦೪ರಲ್ಲಿ ಇಂಟೆಲ್ ಪ್ರಕಟಿಸಿದ ಹೈ ಡೆಫಿನಿಷನ್ ಆಡಿಯೊ ನಿರ್ದೇಶನವು ವಿಶೇಷ ಗಮನಕ್ಕೆ ಅರ್ಹವಾದುದು. ಇದರಲ್ಲಿ ಕೋಡೆಕ್ ಚಿಪ್ ತನ್ನ ಒಳರಚನೆಯನ್ನು ‘ವಿಜೆಟ್’ ಎಂಬ ಘಟಕಗಳ ಜಾಲವಾಗಿ ತಾನೇ ನಿವೇದಿಸುತ್ತದೆ. ಹೊರಗಿನ ಸಂಗತಿಗಾಗಿ ಪ್ರತಿ ಪಿನ್ನಿಗೂ ೩೨ ಬಿಟ್‌ಗಳ ಒಂದು ರಿಜಿಸ್ಟರ್ ಮೀಸಲು. ಆ ಪಿನ್ನಿಗೆ ಜಾಕ್ ಉಂಟೋ ಇಲ್ಲವೋ, ಇದ್ದರೆ ಪೆಟ್ಟಿಗೆಯ ಹಿಂದೆಯೋ ಮುಂದೆಯೋ, ಅದು ಯಾವ ಉಪಯೋಗಕ್ಕೆ, ಕೊನೆಗೆ ಅದರ ಬಣ್ಣ ಹಸುರೋ ಗುಲಾಬಿಯೋ ಎಂಬುದಕ್ಕೂ ಅದರಲ್ಲಿ ನಾಲ್ಕು ಬಿಟ್‌ಗಳುಂಟು! ಈ ಮೌಲ್ಯಗಳನ್ನು ತುಂಬುವ ಕೆಲಸ ಬಯಾಸ್‌ನದು. ಯೋಜನೆಯು ಎಲ್ಲ ಸಿಸ್ಟಮುಗಳಿಗೂ ಸಮಾನವಾದುದೇ. ಆದರೆ ಅನೇಕ ಯಂತ್ರಗಳಲ್ಲಿ ಈ ಮೌಲ್ಯಗಳು ತಪ್ಪಾಗಿದ್ದವು. ವಿಂಡೋಸ್‌ಗೆ ತಯಾರಕರದೇ ಡ್ರೈವರ್ ದೊರೆಯುತ್ತಿದ್ದುದರಿಂದ ಅಲ್ಲಿ ತಪ್ಪು ಮರೆಯಾಗುತ್ತಿತ್ತು. ಲಿನಕ್ಸ್‌ನಲ್ಲಿ ಅದೇ ಯಂತ್ರ ಮೂಕವಾಗುತ್ತಿತ್ತು. ಆದಕಾರಣ ಲಿನಕ್ಸ್ ಕರ್ನೆಲ್‌ನಲ್ಲಿ ಯಂತ್ರಯಂತ್ರಕ್ಕೂ ಪ್ರತ್ಯೇಕ ತಿದ್ದುಪಡಿಗಳು ಬೆಳೆದವು. ಓದುವವನು ಒಬ್ಬನೇ ಆದಾಗ ವಿವರಣೆಯ ಶುದ್ಧಿಯನ್ನು ಪರೀಕ್ಷಿಸುವವರು ಇರುವುದಿಲ್ಲವೆಂದು ನಮಗೆ ತೋರುತ್ತದೆ.

ಇತ್ತ ಮೊಬೈಲು ಮೊದಲಾದ ಎಆರ್‌ಎಂ ಯಂತ್ರಗಳಲ್ಲಿ ವಿವರಣೆಯು ಬಹುಕಾಲ ಕರ್ನೆಲ್‌ನ ಸಿ ಭಾಷೆಯ ಕಡತಗಳಲ್ಲಿಯೇ ಇತ್ತು. ಈ ಕಡತಗಳ ರಾಶಿಯ ಬಗ್ಗೆ ಲೀನಸ್ ಟೊರ್ವಾಲ್ಡ್ಸ್ ೨೦೧೧ರಲ್ಲಿ ಬಹಿರಂಗವಾಗಿ ಆಕ್ಷೇಪಿಸಿದ ತರುವಾಯ, ಓಪನ್ ಫರ್ಮ್‌ವೇರ್‌ನಿಂದ ಬಂದ ‘ಡಿವೈಸ್ ಟ್ರೀ’ ಪದ್ಧತಿ ಅಲ್ಲಿ ನೆಲೆಗೊಂಡಿತು. ಈ ಓಪನ್ ಫರ್ಮ್‌ವೇರ್ ೧೯೯೪ರಲ್ಲಿಯೇ ಐಇಇಇ ೧೨೭೫ ಎಂಬ ಮಾನಕವಾಗಿತ್ತು. ಇರುವ ಯಂತ್ರಾಂಶವನ್ನು ಹೇಳಬೇಕು, ಸಿಸ್ಟಂ ಅದನ್ನು ಬಳಸುವ ರೀತಿಯನ್ನು ಹೇಳಕೂಡದು ಎಂಬುದು ಇದರ ನಿಯಮ. ಧ್ವನಿಯ ವಿಷಯದಲ್ಲಿ ಮಾತ್ರ ನಿಯಮ ಸಡಿಲವಾಯಿತು. ಜೋಡಣೆಯನ್ನು ಹೇಳುವ ಸಾಲುಗಳಲ್ಲಿ ಲಿನಕ್ಸ್ ಡ್ರೈವರುಗಳು ಇಟ್ಟ ಹೆಸರುಗಳೇ ಸೇರಿಕೊಂಡವು.

ಪಿಸಿಗಳಲ್ಲಿ ೧೯೯೬ರಿಂದ ಇದ್ದ ಎಸಿಪಿಐ ಕೋಷ್ಟಕಗಳಿಗೆ ೨೦೧೪ರಲ್ಲಿ ‘ಡಿಎಸ್‌ಡಿ’ ಎಂಬ ಅಂಗ ಸೇರಿ, ಹೆಸರು ಮತ್ತು ಮೌಲ್ಯಗಳ ಜೋಡಿಯಾಗಿ ಗುಣಗಳನ್ನು ಬರೆಯುವುದು ಸಾಧ್ಯವಾಯಿತು. ಮಿಪಿ ಒಕ್ಕೂಟದ ಸೌಂಡ್‌ವೈರ್ ಬಸ್‌ನಲ್ಲಿ ಗಡಿಯಾರಕ್ಕೊಂದು, ದತ್ತಾಂಶಕ್ಕೊಂದು, ಹೀಗೆ ಎರಡೇ ತಂತಿಗಳ ಮೇಲೆ ಹನ್ನೊಂದು ಸಾಧನಗಳವರೆಗೆ ಸೇರಬಹುದು. ಇಂಥ ಸಾಧನಗಳಿಗಾಗಿ ಅದೇ ಒಕ್ಕೂಟ ೨೦೧೬ರಲ್ಲಿ ‘ಡಿಸ್ಕೊ’ ನಿರ್ದೇಶನವನ್ನು ಪ್ರಕಟಿಸಿತು. ಗುಣಗಳ ಹೆಸರನ್ನೂ ಅರ್ಥವನ್ನೂ ಇದು ಗೊತ್ತುಮಾಡುತ್ತದೆ. ಅವು ಎಸಿಪಿಐ ಮೂಲಕ ಬಂದರೂ ಡಿವೈಸ್ ಟ್ರೀ ಮೂಲಕ ಬಂದರೂ ಅರ್ಥ ಒಂದೇ. ಹೇಳುವ ಮಾತನ್ನು ಅದನ್ನು ಹೊರುವ ವಾಹನದಿಂದ ಬೇರ್ಪಡಿಸಿದ್ದೇ ಇದರ ಮುಖ್ಯ ಸಾಧನೆಯೆನ್ನಬಹುದು. ಆದರೂ ಗುಣಗಳನ್ನು ತುಂಬುವವರು ಹಿಂದಿನವರೇ. ಲಿನಕ್ಸ್‌ನ ಸೌಂಡ್‌ವೈರ್ ಭಾಗದಲ್ಲಿ, ಬಯಾಸ್ ತಪ್ಪಾಗಿ ಹೇಳಿದ ಚಿಪ್ಪಿನ ವಿಳಾಸವನ್ನು ಯಂತ್ರದ ಹೆಸರು ನೋಡಿ ಸರಿಪಡಿಸುವ ಕೋಷ್ಟಕವೊಂದು ಈಗಾಗಲೇ ಹುಟ್ಟಿಕೊಂಡಿದೆ.