ಕುದುರೆಗೆ ದಾರಿ ಬಿಡಿ

ಕ್ಯಾಲಿಫೋರ್ನಿಯಾದಲ್ಲಿ ಕಾಡುದಾರಿ ಶುರುವಾಗುವ ಕಡೆ ಒಂದು ಹಳದಿ ತ್ರಿಕೋನದ ಬೋರ್ಡು ಆಗಾಗ ಕಾಣಿಸುತ್ತೆ. ಅದರಲ್ಲಿ ಮೂರು ಚಿತ್ರ: ಸೈಕಲ್ಲು, ನಡೆಯೋ ಮನುಷ್ಯ, ಕುದುರೆ. ಸೈಕಲ್ಲಿನವರು ಇಬ್ಬರಿಗೂ ದಾರಿ ಬಿಡಬೇಕು, ನಡೆಯುವವರು ಕುದುರೆಗೆ ಬಿಡಬೇಕು. ಕುದುರೆ ಯಾರಿಗೂ ಬಿಡಬೇಕಾಗಿಲ್ಲ. ಕೆಲಸದ ಮೇಲೆ ಅಲ್ಲಿಗೆ ಹೋದ ಹೊಸತರಲ್ಲಿ ಇದನ್ನು ನೋಡಿ ನಗು ಬಂದಿತ್ತು. ಕುದುರೆ ಸಾಕುವಷ್ಟು ದುಡ್ಡಿದ್ದವರಿಗೆ ಕಾಡಿನಲ್ಲೂ ಮೊದಲ ಮರ್ಯಾದೆ ಅಂದುಕೊಂಡಿದ್ದೆ.

ಆ ನಗು ನಿಂತದ್ದು ಸಾಯರ್ ಕ್ಯಾಂಪ್ ದಾರಿಯಲ್ಲಿ. ಸ್ಯಾನ್ ಫ್ರಾನ್ಸಿಸ್ಕೋದಿಂದ ದಕ್ಷಿಣಕ್ಕೆ, ಸ್ಯಾನ್ ಮಟೆಯೋ ಕೌಂಟಿಯಲ್ಲಿ, ಕ್ರಿಸ್ಟಲ್ ಸ್ಪ್ರಿಂಗ್ಸ್ ಕೆರೆಯ ದಂಡೆಗುಂಟ ಓಕ್ ಮತ್ತು ಬೇ ಮರಗಳ ನೆರಳಲ್ಲಿ ಸಾಗುವ 6 ಮೈಲಿ ದಾರಿ ಇದು. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ನಡೀತಿದ್ದೆ. ಮುಂದೆ ಒಂದು ಕಂದು ಕುದುರೆ, ಮೇಲೆ ವಯಸ್ಸಾದ ಹೆಂಗಸು. ಪಕ್ಕದಲ್ಲಿ ದಾಟಿ ಹೋಗೋಣ ಅಂತ ಬೇಗ ಹೆಜ್ಜೆ ಹಾಕಿದೆ. ಕುದುರೆಯ ಕಿವಿ ಹಿಂದಕ್ಕೆ ತಿರುಗಿತು, ಹಿಂಭಾಗ ಸರಕ್ಕನೆ ಪಕ್ಕಕ್ಕೆ ಸರಿಯಿತು. ಆಕೆ ತಿರುಗದೆಯೇ ಹೇಳಿದರು: "ಏನಾದರೂ ಮಾತಾಡ್ತಾ ಬಾ, ನೀನು ಮನುಷ್ಯ ಅಂತ ಇವನಿಗೆ ಗೊತ್ತಾಗಲಿ." ಗಾಬರಿಯಲ್ಲಿ ನನ್ನ ಬಾಯಿಂದ ಬಂದದ್ದು ಕನ್ನಡವೇ: "ಹೋ ಹೋ, ಏನಿಲ್ಲ ಕಣೋ, ಏನಿಲ್ಲ." ಕುದುರೆ ಶಾಂತವಾಯಿತು.

ನಾಚಿಕೆ ಆಗಿದ್ದು ಯಾಕೆಂದರೆ ಈ ಪಾಠ ನನಗೆ ಮೊದಲೇ ಗೊತ್ತಿತ್ತು. ಎತ್ತಿನ ಹಿಂದಿನಿಂದ ಹೋಗುವಾಗ ದನಿ ಮಾಡ್ಕೊಂಡು ಹೋಗು ಅಂತ ಅಜ್ಜ ಕೊಟ್ಟಿಗೆಯಲ್ಲಿ ಎಷ್ಟು ಸಲ ಬೈದಿಲ್ಲ! ಕುದುರೆಯ ಕಣ್ಣು ತಲೆಯ ಎರಡು ಪಕ್ಕಕ್ಕಿರುತ್ತವೆ. ಸುತ್ತಲೂ ಬಹುಪಾಲು ಕಾಣುತ್ತೆ, ನೇರ ಬೆನ್ನ ಹಿಂದಿನದು ಕಾಣಲ್ಲ. ಬೇಟೆಗೆ ಸಿಗುತ್ತಿದ್ದ ಪ್ರಾಣಿ ಅದು. ಹಿಂದಿನಿಂದ ಸದ್ದಿಲ್ಲದೆ ಬರುವುದೆಲ್ಲ ಅದರ ಲೆಕ್ಕದಲ್ಲಿ ಹುಲಿಯೇ. ಬೋರ್ಡಿನ ಕಾನೂನು ಶ್ರೀಮಂತರಿಗಾಗಿ ಅಲ್ಲ, ಹೆದರುವ ಪ್ರಾಣಿಗಾಗಿ.

ಇನ್ನೊಂದು ವಿಷಯವೂ ಇದೆ. ಈ ದಾರಿ ನಮ್ಮದಾಗೋದಕ್ಕೆ ಮುಂಚೆ ಕುದುರೆಗಳದ್ದೇ ಆಗಿತ್ತು. ಲಿಯಾಂಡರ್ ಸಾಯರ್ ಅನ್ನೋನು ಈ ಕಣಿವೆಯಲ್ಲಿ ಪಿಕ್ನಿಕ್ಕಿಗೆ ಬರುವವರಿಗಾಗಿ ಛತ್ರದಂಥದ್ದು ನಡೆಸುತ್ತಿದ್ದ. 1870ರ ದಶಕದಲ್ಲಿ ಅವನು ಇಲ್ಲಿ ತರಬೇತಿ ಕೊಡುತ್ತಿದ್ದದ್ದು ಸರ್ಕಸ್ ಕುದುರೆಗಳಿಗೆ! ನಾವು ಜಾಗಿಂಗ್ ಮಾಡೋ ದಾರಿಯ ಹೆಸರಿನಲ್ಲಿ ಉಳಿದಿರೋದು ಆ ಸಾಯರ್‌ನ ಬಿಡಾರ.

ಅವನಿಗಿಂತ ನೂರು ವರ್ಷ ಮೊದಲು, 1769ರ ನವೆಂಬರ್ ಮೊದಲ ವಾರ, ಗಾಸ್ಪರ್ ದೆ ಪೋರ್ತೊಲಾನ ಸ್ಪ್ಯಾನಿಷ್ ತಂಡ ಕುದುರೆ, ಹೇಸರಗತ್ತೆಗಳ ಜೊತೆ ಈ ಕಣಿವೆಯಲ್ಲಿ ಇಳಿದು ಹೋಯಿತು. ಅವರು ಹುಡುಕುತ್ತಿದ್ದದ್ದು ಮಾಂಟೆರೆ ಕೊಲ್ಲಿಯನ್ನು. ಅದನ್ನು ಗುರುತಿಸಲಾಗದೆ ದಾಟಿಕೊಂಡು ಬಂದು, ತಪ್ಪಿ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯನ್ನು ಕಂಡರು. ಜಿಪಿಎಸ್ ಇದ್ದಿದ್ದರೆ ಚರಿತ್ರೆಯೇ ಬೇರೆ ಆಗ್ತಿತ್ತೇನೋ! ಅವರು "ಕಂಡುಹಿಡಿದ" ಈ ನೆಲದಲ್ಲಿ ರಾಮಾಯ್ತುಷ್ ಒಲೋನಿ ಜನ ಸಾವಿರಾರು ವರ್ಷಗಳಿಂದ ಬದುಕಿದ್ದರು. 1776ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮಿಷನ್ ಶುರುವಾದ ಮೇಲೆ ಅವರನ್ನು ಅಲ್ಲಿಗೆ ಸೇರಿಸಿಕೊಂಡರು. ಕೆಲವೇ ದಶಕಗಳಲ್ಲಿ ರೋಗರುಜಿನಕ್ಕೆ ಹಳ್ಳಿಗಳೇ ಖಾಲಿಯಾದವು. ದಾರಿಯ ಮಧ್ಯ ದಾಟಿದ ಮೇಲೆ ಜೆಪ್ಸನ್ ಲಾರೆಲ್ ಅನ್ನೋ ದೈತ್ಯ ಬೇ ಮರ ಸಿಗುತ್ತೆ. ವಯಸ್ಸು 600 ವರ್ಷಕ್ಕೂ ಹೆಚ್ಚು ಅನ್ನುತ್ತಾರೆ. ಈ ಕಣಿವೆಗೆ ಸ್ಪ್ಯಾನಿಷರ ಕುದುರೆ ಬಂದಾಗಲೇ ಅದು ಮುದಿಮರ.

ಮುಂದೆ ಬಂದದ್ದು ನೀರಿನ ಕಂಪನಿ. ಚಿನ್ನದ ಆಸೆಗೆ ಬಂದವರಿಂದ ಉಬ್ಬಿದ ಸ್ಯಾನ್ ಫ್ರಾನ್ಸಿಸ್ಕೋಗೆ ಕುಡಿಯೋ ನೀರಿರಲಿಲ್ಲ. ಸ್ಪ್ರಿಂಗ್ ವ್ಯಾಲಿ ವಾಟರ್ ಕಂಪನಿ ಅನ್ನೋ ಖಾಸಗಿ ಸಂಸ್ಥೆ ಈ ಕಣಿವೆಯ ಜಮೀನನ್ನು ಕೊಳ್ಳುತ್ತಾ ಹೋಯಿತು. ಕ್ರಿಸ್ಟಲ್ ಸ್ಪ್ರಿಂಗ್ಸ್ ಅಂತ ಹೋಟೆಲ್ಲಿದ್ದ, ಕುದುರೆಗಾಡಿ ಬಂದು ನಿಲ್ಲುತ್ತಿದ್ದ ಸಣ್ಣ ಊರೊಂದು ಇತ್ತು, ಅದು ನೀರಿನಡಿ ಹೋಯಿತು. 1877ರಲ್ಲಿ ಮೇಲಿನ ಮಣ್ಣಿನ ಕಟ್ಟೆ. ಆಮೇಲೆ ಹರ್ಮನ್ ಶುಸ್ಲರ್ ಎಂಬ ಎಂಜಿನಿಯರ್ ಕೆಳಗಡೆ ಕಾಂಕ್ರೀಟಿನ ದೊಡ್ಡ ಅಣೆಕಟ್ಟು ಕಟ್ಟಿಸಿದ, 1890ರ ಹೊತ್ತಿಗೆ ಸುಮಾರು 145 ಅಡಿ ಎತ್ತರ. ಹೊಸ ಅಣೆಯ ಹಿನ್ನೀರು ಹಳೇ ಕಟ್ಟೆಯನ್ನೂ ಸುತ್ತುವರಿಯಿತು. ಇವತ್ತು ಅದರ ತಲೆ ಮೇಲೆ 92ನೇ ಹೆದ್ದಾರಿ ಓಡುತ್ತೆ, ಎರಡೂ ಕಡೆ ನೀರು.

ಓದುವಾಗ ನನಗೆ ಥಟ್ಟನೆ ನೆನಪಾಗಿದ್ದು ಶರಾವತಿಯ ಹಿರೇಭಾಸ್ಕರ ಅಣೆಕಟ್ಟು. 1948ರ ಹೊತ್ತಿಗೆ ಮುಗಿದ ಆ ಅಣೆಯನ್ನು 1964ರ ಲಿಂಗನಮಕ್ಕಿ ನುಂಗಿತು. ನಮ್ಮಜ್ಜಿಯ ತವರೂ ಅದೇ ಹಿನ್ನೀರಿನಡಿ ಇದೆ. ಬರಗಾಲದಲ್ಲಿ ನೀರು ಇಳಿದಾಗ ಹಳೇ ಅಣೆ ಮೇಲೆದ್ದು ಬರುತ್ತೆ, ಜನ ಕಾರು ಮಾಡ್ಕೊಂಡು ಹೋಗಿ ಫೋಟೋ ತೆಗೀತಾರೆ. ಕರೆಂಟು ಬೆಂಗಳೂರಿಗೂ ಬಂತು. ಮುಳುಗಡೆಯ ಎಷ್ಟೋ ಕುಟುಂಬಗಳು ಹಕ್ಕುಪತ್ರಕ್ಕೆ ಇನ್ನೂ ಅಲೀತಿವೆ. ಅಜ್ಜಿ ಬದುಕಿರೋವರೆಗೂ ಹಿನ್ನೀರಿಗೆ ಪಿಕ್ನಿಕ್ ಹೋಗೋಣ ಅಂದರೆ ಬರ್ತಿರಲಿಲ್ಲ.

ಕ್ರಿಸ್ಟಲ್ ಸ್ಪ್ರಿಂಗ್ಸ್ ಕೆರೆಯ ಅಡಿಯಲ್ಲಿ ಇನ್ನೊಂದೂ ಇದೆ. 1895ರಲ್ಲಿ ಭೂವಿಜ್ಞಾನಿ ಆಂಡ್ರ್ಯೂ ಲಾಸನ್ ಹೆಸರಿಟ್ಟ ಸ್ಯಾನ್ ಆಂಡ್ರಿಯಾಸ್ ಬಿರುಕು ಈ ಕಣಿವೆಯ ಉದ್ದಕ್ಕೂ ಹಾದುಹೋಗುತ್ತೆ. ಹೆಸರು ಬಂದದ್ದೂ ಇದೇ ಕಣಿವೆಯಿಂದ. 1906ರ ಏಪ್ರಿಲ್ 18ರ ಬೆಳಗಿನ ಜಾವ ನೆಲ ಸರಿದಾಗ ಬಿರುಕಿನ ಪಕ್ಕದಲ್ಲೇ ಇದ್ದ ಶುಸ್ಲರ್‌ನ ಅಣೆ ಗಟ್ಟಿಯಾಗಿ ನಿಂತಿತು. ಊರಿಗೆ ಹೋಗೋ ಪೈಪುಗಳು ಮುರಿದವು. ಕೆರೆ ತುಂಬ ನೀರಿದ್ದರೂ ಸ್ಯಾನ್ ಫ್ರಾನ್ಸಿಸ್ಕೋ ಮೂರು ದಿನ ಹೊತ್ತಿ ಉರಿಯಿತು. ಸರ್ವರ್ ಸರಿಯಾಗೇ ಇತ್ತು, ನೆಟ್‌ವರ್ಕ್ ಬಿದ್ದುಹೋಗಿತ್ತು ಅಂತ ನಮ್ಮ ಆಫೀಸಿನವರಿಗೆ ಹೇಳಿದರೆ ತಕ್ಷಣ ಅರ್ಥವಾಗುತ್ತೆ.

1930ರಲ್ಲಿ ನಗರ ಇಡೀ ಕಂಪನಿಯನ್ನು ಸುಮಾರು 4 ಕೋಟಿ ಡಾಲರಿಗೆ ಕೊಂಡಿತು. 1934ರಲ್ಲಿ ಯೊಸೆಮಿಟಿಯ ಹೆಚ್ ಹೆಚಿ ಎಂಬ ಇನ್ನೊಂದು ಮುಳುಗಿದ ಕಣಿವೆಯ ನೀರೂ ಇಲ್ಲಿಗೆ ಬಂತು. ಜಲಾನಯನ ಅಂತ ಸುಮಾರು 23,000 ಎಕರೆಯನ್ನು ಯಾರಿಗೂ ಕಟ್ಟಲು ಬಿಡಲಿಲ್ಲ. ಗುಡ್ಡದ ಆಚೆ ಒಂದು ಮನೆಗೆ ಕೋಟಿಗಟ್ಟಲೆ ಕೊಡಬೇಕು, ಈಚೆ ಜಿಂಕೆ ಮೇಯುತ್ತೆ. ಈ ಕಾಡನ್ನು ಉಳಿಸಿದ್ದು ಕಾಡಿನ ಮೇಲಿನ ಪ್ರೀತಿ ಅಲ್ಲ, ಊರಿನ ನಲ್ಲಿ.

ಅದಕ್ಕೇ ದಾರಿಗುಂಟ ತಂತಿಬೇಲಿ. ಕೆರೆ ಕಾಣುತ್ತೆ, ಮುಟ್ಟೋ ಹಾಗಿಲ್ಲ. ಆ ದಿನ ವಾಪಸು ಬರುವಾಗ ಅದೇ ಹೆಂಗಸು ಬೇಲಿ ಪಕ್ಕ ಕುದುರೆ ನಿಲ್ಲಿಸಿದ್ದರು. ಈ ಸಲ ದೂರದಿಂದಲೇ ದನಿ ಮಾಡಿದೆ. ಕುದುರೆ ತಿರುಗಿ ನನ್ನನ್ನು ನೋಡಿ, ಮತ್ತೆ ಬೇಲಿಯಾಚೆಯ ನೀರಿನ ಕಡೆ ಮೂತಿ ಚಾಚಿತು. ಆಕೆ ಲಗಾಮು ಎಳೆದು, "ಅದು ನಿನಗಲ್ಲ ಮರಿ, ಊರಿಗೆ" ಅಂದು ಮನೆ ಕಡೆ ತಿರುಗಿಸಿದರು.