ಕಾರ್ತಿಕದ ಕೃಷ್ಣೆಯಲ್ಲಿ ಗಾಳ: ಗಡಿ ಊರುಗಳ ಸದಸ್ಯರಿಗೆ ಒಂದು ಮಾಹಿತಿ ಲೇಖನ



ಅಮೆರಿಕ, ಇಂಗ್ಲೆಂಡುಗಳಲ್ಲಿರುವ ನಮ್ಮ ಮನೆಯ ಮಕ್ಕಳು ಚಳಿ ಶುರುವಾದ ಕೂಡಲೇ ಕಳಿಸುವ ಫೋಟೋಗಳಲ್ಲಿ ಒಂದು ಬಗೆಯನ್ನು ಹಲವರು ನೋಡಿರಬಹುದು. ಸೊಂಟದವರೆಗೆ ರಬ್ಬರಿನ ಪ್ಯಾಂಟು ತೊಟ್ಟು, ಎಲೆ ಉದುರಿದ ಮರಗಳ ನಡುವೆ ಹರಿಯುವ ನೀರಿನಲ್ಲಿ ನಿಂತು, ಉದ್ದ ಕೋಲು ಬೀಸುವ ಚಿತ್ರ. ಅದು ಟ್ರೌಟ್ ಮೀನಿನ ಬೇಟೆ, ‘ಫ್ಲೈ ಫಿಶಿಂಗ್’. ನಾರಾಯಣಪೇಟೆ, ಮಕ್ತಲ್, ಗದ್ವಾಲದ ನಮಗೆ ಅದರ ಸಂಬಂಧವೇನು, ಅದೇ ಹೊತ್ತಿನಲ್ಲಿ ನಮ್ಮ ಕೃಷ್ಣೆಯಲ್ಲಿ ಏನು ನಡೆಯುತ್ತದೆ ಎಂಬುದನ್ನು ಈ ಲೇಖನದಲ್ಲಿ ಒಟ್ಟು ಮಾಡಿದ್ದೇವೆ.

ಟ್ರೌಟ್ ಎಲ್ಲಿ, ನಾವು ಎಲ್ಲಿ

ಸಾಮಾನ್ಯ ಗಾಳದಲ್ಲಿ ಎರೆಯ ಮತ್ತು ಸೀಸದ ಗುಂಡಿನ ಭಾರವೇ ದಾರವನ್ನು ದೂರಕ್ಕೆ ಎಳೆದೊಯ್ಯುತ್ತದೆ. ಫ್ಲೈ ಫಿಶಿಂಗ್‌ನಲ್ಲಿ ಭಾರ ಇರುವುದು ದಾರದಲ್ಲೇ. ಗಾಳದ ಮುಳ್ಳಿಗೆ ಹಕ್ಕಿಯ ಗರಿ, ನೂಲು, ಕೂದಲು ಸುತ್ತಿ ಹುಳುವಿನ ಹಾಗೆ ಕಾಣುವಂತೆ ಮಾಡುತ್ತಾರೆ. ಅದಕ್ಕೆ ತೂಕವೇ ಇರುವುದಿಲ್ಲ. ದಪ್ಪ ದಾರವನ್ನು ತಲೆಯ ಮೇಲೆ ಹಿಂದೆ ಮುಂದೆ ಬೀಸಿ, ಆ ಹುಸಿ ಹುಳುವನ್ನು ನೀರಿನ ಮೇಲೆ ಮೆಲ್ಲಗೆ ಇಳಿಸುತ್ತಾರೆ. ಮ್ಯಾಸಿಡೋನಿಯದ ಜನ ಕೆಂಪು ಉಣ್ಣೆ ಮತ್ತು ಗರಿ ಸುತ್ತಿದ ಗಾಳದಿಂದ ಮೀನು ಹಿಡಿಯುತ್ತಿದ್ದರೆಂದು ರೋಮಿನ ಲೇಖಕ ಏಲಿಯನ್ ಸುಮಾರು 1800 ವರ್ಷಗಳ ಹಿಂದೆಯೇ ಬರೆದಿದ್ದಾನೆ.

ಟ್ರೌಟ್ ತಣ್ಣೀರಿನ ಮೀನು. ನೀರಿನ ಉಷ್ಣತೆ 20 ಡಿಗ್ರಿ ದಾಟಿದರೆ ಅದಕ್ಕೆ ಕಷ್ಟ. ಹಾಗಾಗಿ ಭಾರತದಲ್ಲಿ ಅದು ಹಿಮಾಲಯದ ಹೊಳೆಗಳಲ್ಲೂ, ದಕ್ಷಿಣದಲ್ಲಿ ನೀಲಗಿರಿ, ಮುನ್ನಾರಿನಂಥ ಎತ್ತರದ ಕಡೆಯಲ್ಲೂ ಮಾತ್ರ ನಿಂತಿತು. ಕಾಶ್ಮೀರಕ್ಕೆ 1900ರ ಸುಮಾರಿಗೆ, ನೀಲಗಿರಿಯ ಅವಲಾಂಚಿಗೆ 1907ರ ಸುಮಾರಿಗೆ ಬ್ರಿಟಿಷರು ಅದನ್ನು ತಂದು ನೆಲೆಗೊಳಿಸಿದರು. ನಮ್ಮ ಬಿಸಿಲು ಸೀಮೆಯ ಕೃಷ್ಣೆ, ತುಂಗಭದ್ರೆಯಲ್ಲಿ ಟ್ರೌಟ್ ಬದುಕುವುದಿಲ್ಲ.

ನಮ್ಮ ನೆಲದ ಹಳೆಯ ಪಾಠ

ಹಾಗೆಂದು ಗಾಳದ ವಿದ್ಯೆ ನಮಗೆ ಹೊರಗಿನದಲ್ಲ. ಕಲ್ಯಾಣದಿಂದ ಈ ಸೀಮೆಯನ್ನೂ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ (ಆಳ್ವಿಕೆ 1126–1138) ಸಂಸ್ಕೃತದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ‘ಮತ್ಸ್ಯವಿನೋದ’ ಎಂಬ ಅಧ್ಯಾಯವೇ ಇದೆ. ಮೀನುಗಳನ್ನು ಕಡಲಿನವು ಮತ್ತು ಹೊಳೆಯವು, ಹುರುಪೆ ಇರುವವು ಮತ್ತು ಇಲ್ಲದವು ಎಂದು ವಿಂಗಡಿಸಿ, ಯಾವ ಮೀನಿಗೆ ಯಾವ ಮೇವು, ಕೋಲು ಹೇಗಿರಬೇಕು, ದಾರ ಹೇಗಿರಬೇಕು ಎಂದು ಅದರಲ್ಲಿ ಹೇಳಿದೆ. ಇಂಗ್ಲಿಷಿನಲ್ಲಿ ಗಾಳದ ಬಗ್ಗೆ ಮೊದಲ ಪುಸ್ತಕ ಅಚ್ಚಾದದ್ದು 1496ರಲ್ಲಿ. ನಮ್ಮ ದೊರೆಯ ಬರಹ ಅದಕ್ಕಿಂತ ಮುನ್ನೂರೈವತ್ತು ವರ್ಷಕ್ಕೂ ಹಿಂದಿನದು.

ನಮ್ಮ ಸುತ್ತಲಿನ ನೀರು

ತಂಗಡಿ ಸಂಗಮ: ಕರ್ನಾಟಕದಿಂದ ಬರುವ ಕೃಷ್ಣೆ ತೆಲಂಗಾಣಕ್ಕೆ ಕಾಲಿಡುವುದು ನಾರಾಯಣಪೇಟೆ ಜಿಲ್ಲೆಯ ತಂಗಡಿಯಲ್ಲಿ. ಮಹಾರಾಷ್ಟ್ರದಿಂದ ಸುಮಾರು 860 ಕಿ.ಮೀ. ಹರಿದು ಬರುವ ಭೀಮೆಯೂ ಅದನ್ನು ಸೇರುವುದು ಇಲ್ಲಿಯೇ.

ಪಂಚದೇವಪಾಡು – ಕುರುವಪುರ: ಮಕ್ತಲ್ ಕಡೆಯ ದಡದಿಂದ ಶ್ರೀಪಾದ ಶ್ರೀವಲ್ಲಭರ ಕ್ಷೇತ್ರವಿರುವ ನಡುಗಡ್ಡೆಗೆ ಹರಗೋಲಿನಲ್ಲಿ ಹೋಗುವ ದಾರಿ ನಿಮಗೆಲ್ಲ ಗೊತ್ತು. ನಡುಗಡ್ಡೆ ರಾಯಚೂರು ಜಿಲ್ಲೆಗೆ ಸೇರಿದ್ದು.

ಜುರಾಲಾ ಜಲಾಶಯ: ಗದ್ವಾಲದ ಹತ್ತಿರ ಕೃಷ್ಣೆಗೆ ಕಟ್ಟಿದ ಅಣೆಕಟ್ಟೆ. 1981ರಲ್ಲಿ ಶಂಕುಸ್ಥಾಪನೆಯಾಯಿತು. ಕಟ್ಟೆಯ ಬಳಿ ಬಿಸಿ ಬಿಸಿ ಕರಿದು ಕೊಡುವ ಮೀನಿಗೆ ದೂರದಿಂದ ಜನ ಬರುತ್ತಾರೆ.

ತುಂಗಭದ್ರೆ: ಗದ್ವಾಲ ಜಿಲ್ಲೆಯ ದಕ್ಷಿಣದ ಅಂಚು. ಎರಡು ನದಿಗಳ ನಡುವಿನ ಈ ಸೀಮೆಯನ್ನು ತೆಲುಗಿನಲ್ಲಿ ‘ನಡಿಗಡ್ಡ’ ಎನ್ನುತ್ತಾರೆ. ಪಕ್ಕದ ರಾಯಚೂರು ಸೀಮೆಗೆ ನಮ್ಮ ಶಾಸನಗಳು ‘ಎಡೆದೊರೆ’ ಎಂದಿವೆ. ಎರಡರ ಅರ್ಥವೂ ಹೆಚ್ಚುಕಡಿಮೆ ಒಂದೇ.

ಸಂಗಂಬಂಡ ಜಲಾಶಯ ಮತ್ತು ಊರ ಕೆರೆಗಳು: ಹೊಳೆಯಿಂದ ದೂರವಿರುವ ನಾರಾಯಣಪೇಟೆ, ಮಕ್ತಲ್ ಕಡೆಯವರಿಗೆ ಇವೇ ಆಧಾರ.

ಕಾರ್ತಿಕ, ಮಾರ್ಗಶಿರದಲ್ಲಿ ಏನು ಬದಲಾಗುತ್ತದೆ

ಮಳೆಗಾಲದ ಕೆಂಪು ನೀರು ಇಳಿದು ಹೊಳೆ ತಿಳಿಯಾಗುವ ಕಾಲ ಇದು. ಕಾಟ್ಲಾ, ರೋಹು ಮೊದಲಾದವು ಮೊಟ್ಟೆ ಇಡುವುದು ಮಳೆಗಾಲದ ಪ್ರವಾಹದಲ್ಲಿ. ಈಗ ಆ ಕೆಲಸ ಮುಗಿದಿರುತ್ತದೆ. ನೀರು ತಣ್ಣಗಾದಂತೆ ಮೀನಿನ ಹಸಿವೂ ಕಡಿಮೆಯಾಗುತ್ತದೆ. ಹಾಗಾಗಿ ಬೇಸಿಗೆಯಲ್ಲಿ ನಸುಕು, ಸಂಜೆ ಒಳ್ಳೆಯದಾದರೆ, ಈ ತಿಂಗಳುಗಳಲ್ಲಿ ಬಿಸಿಲು ಏರಿ ದಡದ ನೀರು ಬೆಚ್ಚಗಾದ ಮೇಲೆ ಕೂರುವುದು ಲೇಸು. ತಿಳಿ ನೀರಿನಲ್ಲಿ ಮೀನಿಗೆ ನಮ್ಮ ನೆರಳು ಕಾಣುತ್ತದೆ. ಸೂರ್ಯ ಬೆನ್ನ ಹಿಂದೆ ಇರದಂತೆ ನೋಡಿಕೊಳ್ಳಿ, ದಾರ ತೆಳುವಾಗಿರಲಿ.

ಫ್ಲೈ ಕೋಲಿಗೆ ನಮ್ಮಲ್ಲಿ ಹೊಂದುವ ಮೀನು ಕೊರಮೀನು. ಅದು ನೀರಿನ ಮೇಲೆ ಬಂದು ಗಾಳಿ ಕುಡಿಯುತ್ತದೆ, ಮೇಲೆ ಓಡಾಡುವ ಕಪ್ಪೆಗೆ ಹಾರುತ್ತದೆ. ಗರಿಯಿಂದ ಕಟ್ಟಿದ ಹುಸಿ ಕಪ್ಪೆಯನ್ನು ಆಪಿನ ಅಂಚಿನಲ್ಲಿ ಎಳೆದರೆ ಅದು ಬರುವ ಸಂಭವವಿದೆ. ಬಿದಿರು ಕೋಲಿನವರಿಗೆ ಎರೆಹುಳು, ಜೋಳದ ಹಿಟ್ಟಿನ ಉಂಡೆ ಸಾಕು.

ಹೆಸರುಗಳು: ಕನ್ನಡ ಮತ್ತು ತೆಲುಗು

- ಗಾಳ: ತೆಲುಗಿನಲ್ಲಿ ಗಾಲಂ
- ಎರೆ: ಎರ
- ಬೆಂಡು (ನೀರಿನ ಮೇಲೆ ತೇಲುವ ಗುರುತು): ಬೆಂಡು
- ಬಲೆ: ವಲ
- ಹರಗೋಲು: ಪುಟ್ಟಿ
- ಕುಚ್ಚು ಮೀನು, ಕೊರಮೀನು: ಕೊರ್ರಮೀನು (ತೆಲಂಗಾಣದ ರಾಜ್ಯ ಮೀನು)
- ಬಾಳೆ ಮೀನು: ವಾಲುಗ
- ಕಾಟ್ಲಾ: ಬೊಚ್ಚೆ
- ತಿಲಾಪಿಯ: ಎರಡೂ ಕಡೆ ಜಿಲೇಬಿ

ಬಲೆ–ವಲ, ಬಾಳೆ–ವಾಲುಗ ಜೋಡಿಗಳನ್ನು ಮಕ್ಕಳಿಗೆ ತೋರಿಸಿ. ತೆಲುಗಿನ ‘ವ’ ಕನ್ನಡದಲ್ಲಿ ‘ಬ’ ಆಗುವ ನಿಯಮ ಅವರಿಗೆ ವ್ಯಾಕರಣದ ಪುಸ್ತಕವಿಲ್ಲದೆ ತಿಳಿಯುತ್ತದೆ.

ಕಳೆದುಹೋಗುತ್ತಿರುವುದು

ಹರಿಯುವ ಹೊಳೆ ನಿಂತ ಜಲಾಶಯವಾದಾಗ ಮೀನಿನ ಲೋಕವೂ ಬದಲಾಗುತ್ತದೆ. ಜಲಾಶಯಕ್ಕೆ ಬಿಡುವ ಕಾಟ್ಲಾ, ರೋಹು, ಮೃಗಾಲ್ ಮರಿಗಳು ನಿಂತ ನೀರಿನಲ್ಲಿ ಚೆನ್ನಾಗಿ ಬೆಳೆದು ಮೀನುಗಾರ ಕುಟುಂಬಗಳಿಗೆ ಅನ್ನ ಕೊಡುತ್ತವೆ. ಆದರೆ ಕಲ್ಲು, ಮಡು, ಸೆಳವು ಬೇಡುವ ಮೀನುಗಳಿಗೆ ಜಾಗ ಕುಗ್ಗುತ್ತದೆ. ಗಾಳಗಾರರು ಟ್ರೌಟಿಗೆ ಸರಿಸಮವೆಂದು ಕೊಂಡಾಡುವ ದಖ್ಖನಿನ ಮಹಶೀರ್ ಅಂಥದ್ದು. ಅದನ್ನು 1839ರಲ್ಲಿ ಶಾಸ್ತ್ರೀಯವಾಗಿ ಮೊದಲು ದಾಖಲಿಸಿದ್ದು ಪುಣೆಯ ಮುಳಾ-ಮುಠಾ ನದಿಯಿಂದ. ಆ ನೀರು ಭೀಮೆಗೆ ಸೇರಿ ತಂಗಡಿಗೆ ಬರುತ್ತದೆ, ಅಂದರೆ ಅದು ನಮ್ಮದೇ ನದಿಯ ಮೀನು. ನಮ್ಮ ಮಕ್ಕಳಲ್ಲಿ ಎಷ್ಟು ಮಂದಿ ಅದನ್ನು ನೋಡಿದ್ದಾರೆ?

ಹೆಸರಿನ ಕತೆಯೂ ಹೀಗೆಯೇ. ಮೀನಿನ ಹೆಸರು ಬಲ್ಲವರು ಕಬ್ಬಲಿಗ, ಗಂಗಾಮತ, ಮುದಿರಾಜ ಮನೆಗಳ ಹಿರಿಯರು. ಸಂತೆಯಲ್ಲಿ ಈಗ ಎಲ್ಲವೂ ‘ರವು’ ಇಲ್ಲವೇ ‘ಬೊಚ್ಚೆ’. ಕರೆಯಲು ಹೆಸರೇ ಇಲ್ಲದ ಮೀನು ಹೊಳೆಯಿಂದ ಮಾಯವಾದರೆ, ಮಾಯವಾಯಿತು ಎಂದು ಹೇಳುವವರೂ ಇರುವುದಿಲ್ಲ.

ಹೋಗುವ ಮುನ್ನ

1. ಜಲಾಶಯ, ಕೆರೆಗಳ ಮೀನಿನ ಹಕ್ಕು ಸಾಮಾನ್ಯವಾಗಿ ಮೀನುಗಾರರ ಸಹಕಾರ ಸಂಘದ್ದು. ಕೇಳಿ, ಒಪ್ಪಿಗೆ ಪಡೆದೇ ಕೂರಿ. ಹೊಳೆಯ ಆಚೆ ದಡ ಕರ್ನಾಟಕವಾದರೆ ಅಲ್ಲಿಯ ನಿಯಮ ಬೇರೆ.
2. ಅಣೆಕಟ್ಟೆಯ ಕೆಳಗಿನ ಬಂಡೆಗಳ ಮೇಲೆ ಕೂರಬೇಡಿ. ಮೇಲೆ ನಾರಾಯಣಪುರದಿಂದಲೋ ಜುರಾಲಾದಿಂದಲೋ ನೀರು ಬಿಟ್ಟರೆ, ಇಲ್ಲಿ ಮಳೆ ಇಲ್ಲದಿದ್ದರೂ ಹೊಳೆ ಏರುತ್ತದೆ.
3. ಈ ಭಾಗದ ಕೃಷ್ಣೆಯಲ್ಲಿ ಮೊಸಳೆಗಳಿವೆ. ಫೋಟೋದಲ್ಲಿ ಕಂಡಂತೆ ಸೊಂಟದವರೆಗೆ ನೀರಿಗಿಳಿಯುವುದು ನಮ್ಮಲ್ಲಿ ಸಲ್ಲದು. ದಡದಿಂದ ದೂರವಿದ್ದೇ ಗಾಳ ಹಾಕಿ. ಮೊಸಳೆಗೆ ತೊಂದರೆ ಕೊಡುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ.
4. ಸಿಡಿಮದ್ದು, ವಿಷ ಹಾಕಿ ಮೀನು ಹಿಡಿಯುವುದನ್ನು 1897ರ ಮೀನುಗಾರಿಕೆ ಕಾಯ್ದೆಯೇ ನಿಷೇಧಿಸಿದೆ. ಕಂಡರೆ ಸಂಬಂಧಪಟ್ಟವರಿಗೆ ತಿಳಿಸಿ.
5. ನೀರಿನ ಮೇಲೆ ಕೆಂಬಣ್ಣದ ಮರಿಗಳ ಹಿಂಡು ಕಂಡರೆ ಕೆಳಗೆ ಕೊರಮೀನು ಕಾವಲಿದೆ ಎಂದರ್ಥ. ಅದನ್ನು ಹಿಡಿದರೆ ಆ ಮರಿಗಳನ್ನು ಕಾಯುವವರಿಲ್ಲ.
6. ಹರಿದ ನೈಲಾನ್ ದಾರವನ್ನು ದಡದಲ್ಲಿ ಬಿಡಬೇಡಿ. ಕೊಕ್ಕರೆಯ ಕಾಲಿಗೆ ಅದೇ ಉರುಳು.

ಕಾರ್ತಿಕದಲ್ಲಿ ಮೀನು, ಮಾಂಸ ಬೇಯಿಸದ ಮನೆಗಳು ನಮ್ಮಲ್ಲಿ ಬಹಳ. ಅಂಥವರು ಹಿಡಿದ ಮೀನನ್ನು ಒದ್ದೆ ಕೈಯಲ್ಲೇ ಮುಟ್ಟಿ, ಮುಳ್ಳು ಬಿಡಿಸಿ, ಕೂಡಲೇ ನೀರಿಗೆ ಬಿಡಬಹುದು. ಒಣ ಕೈ ಮೀನಿನ ಮೈಯ ಲೋಳೆ ಕೀಳುತ್ತದೆ, ಆಮೇಲೆ ಅದಕ್ಕೆ ರೋಗ ತಗಲುತ್ತದೆ. ಟ್ರೌಟ್ ಹಿಡಿಯುವ ಊರುಗಳಲ್ಲಿ ಹಲವರು ಹೀಗೆಯೇ ಮಾಡುತ್ತಾರೆ.

ಕೊನೆಗೆ ಒಂದು ವಿನಂತಿ. ನಿಮ್ಮ ಊರಿನ ಹೊಳೆ, ಕೆರೆಯ ಮೀನುಗಳಿಗೆ ನಿಮ್ಮ ಅಜ್ಜ, ಅಜ್ಜಿ ಕರೆಯುತ್ತಿದ್ದ ಕನ್ನಡ ಹೆಸರುಗಳನ್ನು ಕೇಳಿ ಬರೆದಿಟ್ಟುಕೊಳ್ಳಿ. ಸಾಧ್ಯವಾದರೆ ಮೀನಿನ ಫೋಟೋ, ಊರಿನ ಹೆಸರಿನ ಜತೆಗೆ ಸಂಘಕ್ಕೆ ಕಳಿಸಿ. ಮೇಲಿನ ಪಟ್ಟಿಯಲ್ಲಿ ಒಂಬತ್ತು ಸಾಲುಗಳಿವೆ. ಅದನ್ನು ಉದ್ದ ಮಾಡುವುದು ನಿಮ್ಮ ಕೈಯಲ್ಲಿದೆ.