ಮಗಳ ಮದುವೆ 49, ನಿವೃತ್ತಿ 35: ಐವತ್ತರ ಒತ್ತಡವನ್ನು ಅಳೆಯುವ ಬಗೆ

ಬದುಕಿನ 43 ಘಟನೆಗಳಿಗೆ ಒತ್ತಡದ ಅಂಕ ಕೊಟ್ಟ ಪಟ್ಟಿಯೊಂದನ್ನು ಅಮೆರಿಕದ ಹೋಮ್ಸ್ ಮತ್ತು ರಾಹೆ 1967ರಲ್ಲಿ ಪ್ರಕಟಿಸಿದರು. ಅದೇ ಜಾಡಿನಲ್ಲಿ, ನಮ್ಮ ಸಮಾಜಕ್ಕೆ ಒಗ್ಗುವಂತೆ, ಗುರ್ಮೀತ್ ಸಿಂಗ್ ಮತ್ತು ಸಂಗಡಿಗರು 1984ರಲ್ಲಿ 51 ಘಟನೆಗಳ ಮಾಪಕ ರೂಪಿಸಿದರು. ಎರಡರಲ್ಲೂ ಮೊದಲ ಸ್ಥಾನ ಗಂಡ ಅಥವಾ ಹೆಂಡತಿಯ ಸಾವಿಗೆ. ಐವತ್ತು ದಾಟಿದವರ ಬದುಕಿಗೆ ಬಂದಾಗ ಮಾತ್ರ ದಾರಿ ಕವಲೊಡೆಯುತ್ತದೆ. ಅಮೆರಿಕದ ಪಟ್ಟಿಯಲ್ಲಿ ನಿವೃತ್ತಿಗೆ 45 ಅಂಕ, ಮಕ್ಕಳು ಮನೆ ಬಿಡುವುದಕ್ಕೆ 29. ನಮ್ಮದರಲ್ಲಿ ನಿವೃತ್ತಿಗೆ 35, ಮಕ್ಕಳು ಮನೆ ಬಿಡುವುದಕ್ಕೆ 55. ಒಂದರ ಅಂಕವನ್ನು ಇನ್ನೊಂದರ ಪಕ್ಕ ಇಟ್ಟು ತೂಗುವಂತಿಲ್ಲ, ನಿಜ. ಆದರೆ ಕ್ರಮವೇ ತಲೆಕೆಳಗಾಗಿರುವುದನ್ನು ಕಡೆಗಣಿಸಲಾಗದು. ಮಗಳ ಅಥವಾ ಆಶ್ರಿತ ತಂಗಿಯ ಮದುವೆಗೆ ನಮ್ಮಲ್ಲಿ ಪ್ರತ್ಯೇಕ ಸಾಲು, 49 ಅಂಕ. (ಜ್ಯೋತಿಷಿ ನುಡಿದ ಭವಿಷ್ಯಕ್ಕೆ 52!)

ನಿವೃತ್ತಿಯ 35 ಇಂದಿಗೂ ನಿಲ್ಲುತ್ತದೆಯೇ? ಅದು ನಿಶ್ಚಿತ ಪಿಂಚಣಿಯ ಕಾಲದ ಅಂಕ ಎಂದು ನನ್ನ ಊಹೆ. 2006ರ ಏಪ್ರಿಲ್ 1ರಿಂದ ಕರ್ನಾಟಕ ಸರ್ಕಾರಿ ಸೇವೆಗೆ ಸೇರಿದವರು ನಿಶ್ಚಿತ ಪಿಂಚಣಿಯ ಬದಲು ಎನ್‌ಪಿಎಸ್‌ಗೆ (ರಾಷ್ಟ್ರೀಯ ಪಿಂಚಣಿ ವ್ಯವಸ್ಥೆಗೆ) ಒಳಪಟ್ಟರು. ಆಗ ಮೂವತ್ತರ ಹರೆಯದಲ್ಲಿದ್ದವರು ಈಗ ಐವತ್ತರ ಆಸುಪಾಸಿನಲ್ಲಿದ್ದಾರೆ. ಗಾರೆ ಕೆಲಸದವರಿಗಂತೂ ನಿವೃತ್ತಿಯೆಂಬ ಘಟನೆಯೇ ಇಲ್ಲ; ಮೈ ಕೈಕೊಟ್ಟ ದಿನವೇ ನಿವೃತ್ತಿ.

ಇದಕ್ಕಿಂತ ದೊಡ್ಡ ತೊಡಕು 'ಘಟನೆ' ಎಂಬ ಪರಿಕಲ್ಪನೆಯಲ್ಲೇ ಇದೆ. ಕುಟುಂಬದವರ ಕಾಯಿಲೆಗೆ ಮಾಪಕ 52 ಕೊಡುತ್ತದೆ. ಲಕ್ವ ಹೊಡೆದ ಮಾವನನ್ನು ಆರು ವರ್ಷ ಎತ್ತಿ ಕೂರಿಸಿದ ಸೊಸೆಗೂ 52, ತಿಂಗಳಲ್ಲಿ ಗುಣವಾದ ಟೈಫಾಯ್ಡ್ ಕಂಡವಳಿಗೂ 52. ಈ ವಯಸ್ಸಿನ ಭಾರ ಬಂದೆರಗಿ ಹೋಗುವುದಲ್ಲ, ದಿನವೂ ಹೊರುವಂಥದು. ಮಗನ ಫೀಸು, ಅತ್ತೆಯ ಮಾತ್ರೆ, ಮುಟ್ಟು ನಿಲ್ಲುವ ಹೊತ್ತಿನ ನಿದ್ದೆಗೇಡು ಒಂದರ ಮೇಲೊಂದು ಬಿದ್ದಾಗ ಆಗುವುದನ್ನು ಕೂಡಿಸಿದ ಅಂಕ ಹೇಳಲಾರದು.

ಇಂಥ ಮಾಪಕದ ಪ್ರಶ್ನೆಗಳನ್ನು ಕನ್ನಡಕ್ಕೆ ತರುವಾಗಲೂ ಎಡವುವ ಅಪಾಯವಿದೆ. 'ಮನೆಯವರಿಗೆ ಹುಷಾರಿರಲಿಲ್ಲವೇ?' ಎಂದು ಐವತ್ತೈದರ ಹೆಂಗಸನ್ನು ಕೇಳಿದರೆ ಆಕೆ ಗಂಡನ ಆರೋಗ್ಯ ನೆನೆದು 'ಇಲ್ಲಪ್ಪ, ಚೆನ್ನಾಗಿದ್ದಾರೆ' ಎನ್ನಬಹುದು. ಒಳಕೋಣೆಯಲ್ಲಿ ಹಾಸಿಗೆ ಹಿಡಿದ ಅತ್ತೆ ಲೆಕ್ಕಕ್ಕೇ ಬರುವುದಿಲ್ಲ. 'ಯಾರನ್ನಾದರೂ ನೀವೇ ನೋಡಿಕೊಳ್ಳುತ್ತಿದ್ದೀರಾ? ಎಷ್ಟು ವರ್ಷದಿಂದ? ರಾತ್ರಿ ಎಷ್ಟು ಸಲ ಏಳುತ್ತೀರಿ?' ಎಂದು ಕೇಳುವುದು ಮೇಲು.